ಬದುಕಿದ್ದವನಿಗೆ ಇಟ್ಟ ಎಡೆ

ವಿಮಾನಪುರ, ಬೆಂಗಳೂರು
8 ಏಪ್ರಿಲ್ 2024

ಕೆಂಪರಾಜನಿಗೆ,

ನಿನ್ನ ಕ್ಷೇಮ ಕೇಳಲು ಈ ಕಾಗದ ಬರೆಯುತ್ತಿಲ್ಲ. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀಯ. ಕಾಗದವನ್ನಾದರೆ ಹರಿಯುವ ಮೊದಲು ನಾಲ್ಕು ಸಾಲು ಓದಿಯೇ ಓದುತ್ತೀಯ. ಹುಬ್ಬಳ್ಳಿಯಲ್ಲಿ ಲಾರಿ ಬಾಡಿ ಕಟ್ಟುವ ಗ್ಯಾರೇಜಿನಲ್ಲಿದ್ದೀಯ ಎಂದು ನಿನ್ನ ಹಳೆಯ ಗೆಳೆಯ ಲತೀಫನ ಬಾಯಿ ಬಿಡಿಸಿ ವಿಳಾಸ ತೆಗೆದುಕೊಂಡೆ. ಅವನನ್ನು ಬೈಯಬೇಡ, ನಾನು ಅವನ ಅಂಗಡಿ ಮುಂದೆ ಕೂತು ಏಳಲೇ ಇಲ್ಲ.

ಯಮುನಾ ಸತ್ತು ಬರುವ ಜುಲೈ ಐದಕ್ಕೆ ಎರಡು ವರ್ಷ. ನಿನ್ನ ಹೆಂಡತಿ ಹೇಗೆ ಸತ್ತಳು ಎಂದು ನೀನಂತೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಕಮ್ಮನಹಳ್ಳಿ ಮೇನ್ ರೋಡಿನ ಒಂದು ಕಾಂಪ್ಲೆಕ್ಸಿನ ಎರಡನೇ ಮಹಡಿಯಲ್ಲಿ ಒಂದು ಮೂಲೆ ಬಾಡಿಗೆಗೆ ಹಿಡಿದು ಹೊಲಿಗೆ ಮೆಷಿನ್ ಹಾಕಿಕೊಂಡಿದ್ದಳು. ನೀನು ಮಾರಿಕೊಂಡು ಓಡಿಹೋದ ಮೆಷಿನ್ ಅಲ್ಲ, ಆಮೇಲೆ ತಾನೇ ದುಡಿದು ತಂದದ್ದು. ಆ ಕಟ್ಟಡದ ಗೂಡ್ಸ್ ಲಿಫ್ಟಿನ ಜಾಲರಿ ಬಾಗಿಲಿನ ಕೊಂಡಿ ಕೆಟ್ಟಿತ್ತು. ಲಿಫ್ಟ್ ಕೆಳಗಿದ್ದರೂ ಮೇಲಿನ ಬಾಗಿಲು ಎಳೆದರೆ ತೆರೆದುಕೊಳ್ಳುತ್ತಿತ್ತು. ಮಾಲೀಕನಿಗೆ ಹೇಳಿದಳು. "ಮುಂದಿನ್ ತಿಂಗ್ಳು ಮಾಡ್ಸೋಣ ಬಿಡಮ್ಮ" ಅಂದ. ಮತ್ತೆ ಹೇಳಿದಳು. ಮತ್ತೆ ಮುಂದಿನ ತಿಂಗಳು. ಕೊನೆಗೆ ಸೀರೆಗೆ ಹಾಕುವ ಕೆಂಪು ಫಾಲ್ ಬಟ್ಟೆಯನ್ನು ತಾನೇ ಬಾಗಿಲಿಗೆ ಅಡ್ಡ ಕಟ್ಟಿದಳು. ಆ ಮಹಡಿಯವರೆಲ್ಲ ಅದನ್ನು ನೋಡಿ ಮೆಟ್ಟಿಲು ಹಿಡಿಯುತ್ತಿದ್ದರು.

ಜುಲೈ ಐದರಂದು ಕೆಳಗೆ ಹೊಸ ಚಪ್ಪಲಿ ಶೋರೂಮಿನ ಪೂಜೆ ಇತ್ತು. ಬೆಳಿಗ್ಗೆ ಮಾಲೀಕ ನಿಂತುಕೊಂಡು ಆ ಬಟ್ಟೆಯನ್ನು ಬಿಚ್ಚಿಸಿದ. ಮಧ್ಯಾಹ್ನ ಇವಳು ಬ್ಲೌಸುಗಳ ಗಂಟು ಎತ್ತಿಕೊಂಡು ಹೊರಟವಳು, ಬಟ್ಟೆ ಇಲ್ಲದ್ದನ್ನು ನೋಡಿ, "ಗುಲ್ಷನ್, ರಿಪೇರಿ ಆಗ್ಹೋಯ್ತಾ ಇದು?" ಎಂದು ಪಕ್ಕದ ಮೆಷಿನ್ನಿನವಳನ್ನು ಕೇಳುತ್ತಾ ಬಾಗಿಲು ಎಳೆದು ಒಳಗೆ ಕಾಲಿಟ್ಟಳು. ಒಳಗೆ ಲಿಫ್ಟ್ ಇರಲಿಲ್ಲ. ತನ್ನ ಕೈಯಾರೆ ಕಟ್ಟಿದ ಗುರುತನ್ನು ನಂಬಿ ಸತ್ತಳು ನನ್ನ ಮಗು.

ಅವಳದೇ ಅಜಾಗರೂಕತೆ ಎಂದು ಬರೆದು ಪೊಲೀಸರು ಕೇಸು ಮುಚ್ಚಿದರು. ಉಳಿದಿರುವುದು ಸಿವಿಲ್ ದಾವೆ ಒಂದೇ, ಅದನ್ನೂ ಎರಡು ವರ್ಷದೊಳಗೆ ಹಾಕಬೇಕು. ಹಲಸೂರಿನಲ್ಲಿ ಹೇಮಶ್ರೀ ಎಂಬ ಲಾಯರ್ ಹತ್ತಿರ ಹೋದೆ. ವಯಸ್ಸು ಚಿಕ್ಕದು, ಮಾತು ಖಡಕ್ಕು. "ಅಮ್ಮ, ತಪ್ಪಿನಿಂದ ಯಾರಾದ್ರೂ ಸತ್ರೆ ಗಂಡ ಇಲ್ಲ ಹೆಂಡ್ತಿ, ಅಪ್ಪ ಅಮ್ಮ, ಅಜ್ಜಿ ತಾತ, ಮಕ್ಕಳು ಮೊಮ್ಮಕ್ಕಳು, ಇವರ ಪರವಾಗಿ ಮಾತ್ರ ಈ ದಾವೆ ಹಾಕೋಕಾಗೋದು. ನೀವು ಏನಾಗ್ಬೇಕು?" ಅಂದಳು. ದೊಡ್ಡಮ್ಮ ಅಂದೆ. ಪೆನ್ನು ಕೆಳಗಿಟ್ಟುಬಿಟ್ಟಳು.

ನನ್ನ ತಂಗಿ ಇವಳನ್ನು ಹೆತ್ತು ಕಣ್ಣು ಮುಚ್ಚಿದಳು. ಅವಳ ಗಂಡ ವರ್ಷ ತುಂಬುವುದರೊಳಗೆ ಹಿಂದೆಯೇ ಹೋದ. ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕಿ ಸಾಕಿದ್ದು ನಾನು. ದತ್ತು ಕಾಗದ ಮಾಡಿಸಿಕೊಳ್ಳಬೇಕಿತ್ತಂತೆ. ನಮ್ಮ ಮನೆಯ ಕೂಸಿಗೆ ಅನ್ನ ಹಾಕಲು ಯಾವ ಕಚೇರಿಗೆ ಹೋಗಿ ಅಪ್ಪಣೆ ಕೇಳಬೇಕಿತ್ತು? ಹುಟ್ಟಿದಾಗಿನಿಂದ ಎತ್ತಿ ಆಡಿಸಿದವಳು ಕಾನೂನಿಗೆ ಯಾರೂ ಅಲ್ಲ. ಮೂರು ವರ್ಷ ಸಂಸಾರದ ಆಟ ಆಡಿ ಮೆಷಿನ್ ಮಾರಿದ ನೀನು ಎಲ್ಲವೂ!

ಬಂದು ಸಹಿ ಹಾಕಿ ಹೋಗು. ನಿನ್ನ ಮುಖ ನೋಡುವ ಆಸೆ ನನಗಿಲ್ಲ, ಸಹಿ ಸಾಕು.

ಮುನಿಶಾಮಮ್ಮ

---

ಹುಬ್ಬಳ್ಳಿ
2 ಮೇ 2024

ಮುನಿಶಾಮಮ್ಮನವರಿಗೆ,

ಕಾಗದ ತಲುಪಿತು. ಹರಿಯಲಿಲ್ಲ.

ನೀವು ಸುಮ್ಮನೆ ಕಾಗದ ಬರೆಯುವವರಲ್ಲ ಎಂದು ನನಗೆ ಗೊತ್ತಿದೆ. ನಿಮ್ಮ ತಮ್ಮಂದಿರು ಹಳೆಯ ಜಮೀನಿನ ವಿಷಯದಲ್ಲಿ ಯಾರೋ ಬಿಲ್ಡರ್ ಜೊತೆ ಓಡಾಡುತ್ತಿದ್ದಾರೆ ಎಂದು ಲತೀಫ್ ಹೇಳಿದ. ಅದರಲ್ಲಿ ಯಮುನಾಳ ತಾಯಿಯ ಪಾಲೂ ಇದೆಯಲ್ಲ? ತಾಯಿ ಪಾಲು ಮಗಳಿಗೆ, ಮಗಳದು ಗಂಡನಿಗೆ. ಬಂದು ಸಹಿ ಹಾಕು ಎಂದರೆ ಯಾವ ಕಾಗದಕ್ಕೆ ಎಂದು ತಿಳಿಯದಷ್ಟು ದಡ್ಡನಲ್ಲ ನಾನು. ಸತ್ತಾಗ ಬೇಡವಾದ ಅಳಿಯ ಸಹಿಗೆ ಬೇಕಾದನೇ?

ಮೆಷಿನ್ ಮಾರಿದ್ದು ನಿಜ. ಕುಡಿದು ಮಾರಿದೆ. ಅದನ್ನು ಎಷ್ಟು ಸಲ ಬೇಕಾದರೂ ಹೇಳಿ, ಇಲ್ಲವೆನ್ನುವುದಿಲ್ಲ. ಆದರೆ ನಿಮ್ಮ ಮನೆಯಲ್ಲಿ ನಾನು ಮಾತ್ರ ತಪ್ಪು ಮಾಡಿದವನು ಎಂಬಂತೆ ಬರೆಯಬೇಡಿ. ನಿಮ್ಮ ತಪ್ಪು ನಿಮಗೂ ಗೊತ್ತು, ನನಗೂ ಗೊತ್ತು.

ನಾನು ಬರುವುದಿಲ್ಲ.

ಕೆಂಪರಾಜ್

---

ವಿಮಾನಪುರ
11 ಮೇ 2024

ಕೆಂಪರಾಜನಿಗೆ,

ಜಮೀನಂತೆ, ಜಮೀನು! ನಮ್ಮ ತಾತ ರಾಗಿ ಬೆಳೆಯುತ್ತಿದ್ದ ಹೊಲ ಇವತ್ತು ವಿಮಾನ ಇಳಿಯುವ ಜಾಗದ ಅಡಿಯಲ್ಲಿದೆ. ಹೆಂಡತಿಯ ಪಾಲು ಬೇಕಿದ್ದರೆ ವಿಮಾನ ಇಳಿಯುವ ಹೊತ್ತಿಗೆ ಅಡ್ಡ ನಿಂತು ಕೇಳು. ತಮ್ಮಂದಿರು ಬಿಲ್ಡರ್ ಜೊತೆ ಓಡಾಡುತ್ತಿರುವುದು ಸೈಟ್ ಮಾರಲಿಕ್ಕಲ್ಲ, ವಾಚ್‌ಮನ್ ಕೆಲಸ ಕೇಳಲಿಕ್ಕೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾರುವವನ ಕಣ್ಣಿಗೆ ಊರೆಲ್ಲ ಮಾರುವವರೇ.

ಸರಿಯಾಗಿ ಕೇಳಿಸಿಕೋ. ಈ ದಾವೆಯಲ್ಲಿ ಪರಿಹಾರ ಅಂತ ಬಂದರೆ ಅದು ನಿನಗೇ ಬರುತ್ತದೆ. ನನಗೆ ಒಂದು ರೂಪಾಯಿಯೂ ಇಲ್ಲ. ಹೇಮಶ್ರೀ ಹೇಳಿದ ದಿನ ನಾನು ಅನ್ನ ಮುಟ್ಟಲಿಲ್ಲ. ಅವಳ ರಕ್ತದ ದುಡ್ಡು ಅವಳ ಮೆಷಿನ್ ಮಾರಿದವನ ಜೇಬಿಗೆ! ಹೊಟ್ಟೆ ಉರಿಯುತ್ತದೆ, ಉರಿಯಲಿ. ಅದು ಗೊತ್ತಿದ್ದೇ ನಿನ್ನನ್ನು ಕರೆಯುತ್ತಿದ್ದೇನೆ. ಯಾಕೆಂದರೆ ನನಗೆ ಬೇಕಾಗಿರುವುದು ಒಂದೇ. ಆ ಮಾಲೀಕ ಕಟಕಟೆ ಹತ್ತಬೇಕು, ಎಲ್ಲರೆದುರಿಗೆ ಅವನನ್ನು ಕೇಳಬೇಕು: ಆ ಬಟ್ಟೆಯನ್ನು ಯಾಕೆ ಬಿಚ್ಚಿಸಿದೆ? ಬೀದಿಯಲ್ಲಿ ಕೇಳಿದರೆ ಸೆಕ್ಯೂರಿಟಿಯವನು ಗೇಟು ಹಾಕುತ್ತಾನೆ. ಕೋರ್ಟಿನಲ್ಲಿ ಕೇಳಿದರೆ ಉತ್ತರ ಕೊಡಲೇಬೇಕು.

ಬೀದಿಯಲ್ಲಿ ಕೇಳದೆ ಬಿಟ್ಟಿಲ್ಲ. ಕಳೆದ ವಾರ ಕಾಂಪ್ಲೆಕ್ಸಿಗೆ ಹೋಗಿ ನಿಂತೆ. ಅವನು ಕಾರಿನಿಂದ ಇಳಿಯುತ್ತಲೇ, "ಅವಳಿಗೆ ಗಂಡ ಇದಾನೆ ಕಣೋ, ಹುಬ್ಬಳ್ಳಿಯಿಂದ ಬರ್ತಾನೆ, ನಿನ್ನನ್ನ ಕೋರ್ಟಿಗೆ ಎಳೀತಾನೆ ನೋಡ್ತಿರು!" ಎಂದು ರಸ್ತೆಗೆಲ್ಲ ಕೇಳುವ ಹಾಗೆ ಕೂಗಿದೆ. ಗುಲ್ಷನ್ ಓಡಿಬಂದು ಬಾಯಿ ಮುಚ್ಚಿಸಿದಳು. "ಅಮ್ಮಾ, ಚುಪ್ ರಹೋ, ಎಲ್ಲಾ ಹೇಳ್ಬಿಟ್ರಿ ನೀವು" ಅಂದಳು. ಪಾಪ, ಶಿವಾಜಿನಗರದಿಂದ ದಿನಾ ಎರಡು ಬಸ್ಸು ಹಿಡಿದು ಬಂದು ಅದೇ ಕಟ್ಟಡದಲ್ಲೇ ಹೊಲಿಯಬೇಕು ಅವಳು. ಆದರೂ ಸಾಕ್ಷಿ ಹೇಳುತ್ತೇನೆ ಎಂದಿದ್ದಾಳೆ. ಹೊರಗಿನವಳಿಗೆ ಇರುವ ಕಾಳಜಿ ತಾಳಿ ಕಟ್ಟಿದವನಿಗೆ ಇಲ್ಲ.

ಹಾಲುತುಪ್ಪಕ್ಕೆ ಬರಲಿಲ್ಲ ನೀನು. ಹನ್ನೊಂದನೆಯ ದಿನಕ್ಕೂ ಬರಲಿಲ್ಲ. ಅಷ್ಟಾದ ಮೇಲೂ ನನ್ನ ತಪ್ಪಿನ ಮಾತು ಎತ್ತುತ್ತೀಯಲ್ಲ, ಯಾವ ತಪ್ಪು? ಬಿಡಿಸಿ ಬರಿ. ಅಡ್ಡಗೋಡೆಯ ಮೇಲೆ ದೀಪ ಇಡಬೇಡ.

ಜುಲೈ ಐದು ಮರೆಯಬೇಡ.

ಮುನಿಶಾಮಮ್ಮ

---

ಹುಬ್ಬಳ್ಳಿ
1 ಜೂನ್ 2024

ಮುನಿಶಾಮಮ್ಮನವರಿಗೆ,

ಬಿಡಿಸಿಯೇ ಬರೆಯುತ್ತೇನೆ.

ನಾನು ಬಂದಿದ್ದೆ. ಅವಳು ಸತ್ತ ಸುದ್ದಿ ನೀವು ಹೇಳಲಿಲ್ಲ. ಲತೀಫನಿಗೆ ಯಾರಿಂದಲೋ ತಿಳಿದು ಅವನು ಫೋನ್ ಮಾಡಿದಾಗ ಮಣ್ಣಾಗಿ ಎಷ್ಟೋ ದಿನವಾಗಿತ್ತು. ರೈಲು ಹತ್ತಿ ಹನ್ನೊಂದನೆಯ ದಿನಕ್ಕೆ ಸರಿಯಾಗಿ ನಿಮ್ಮ ಬೀದಿಗೆ ಬಂದೆ. ಗಡ್ಡ ಬಿಟ್ಟಿದ್ದೆ, ಯಾರೂ ಗುರುತು ಹಿಡಿಯಲಿಲ್ಲ. ಮೂಲೆಯ ಅಕ್ತರ್ ಟೀ ಅಂಗಡಿ ಇದೆಯಲ್ಲ, ಧೈರ್ಯ ಬರಲಿ ಎಂದು ಅಲ್ಲಿ ನಿಂತು ಒಂದು ಟೀ ಕೇಳಿದೆ. ಶಾಮಿಯಾನ ಯಾರದು ಎಂದು ಗೊತ್ತಿಲ್ಲದವನ ಹಾಗೆ ಕೇಳಿದೆ.

"ಮುನಿಶಾಮಮ್ಮನ ಮಗಳದು ಸಾರ್. ಪಾಪ, ಗಂಡ ಮೊದ್ಲೇ ಸತ್ಹೋಗಿದ್ದ. ಅವನಿಗೆ ಅಮಾಸೆಯಲ್ಲಿ ಎಡೆ ಬೇರೆ ಇಟ್ಟಿದ್ರು, ನಾವೆಲ್ಲ ಊಟ ಮಾಡಿದ್ವಿ. ಮಟನ್ ಚೆನ್ನಾಗಿತ್ತು" ಎಂದ.

ನನ್ನ ಎಡೆಯ ಮಟನ್ ಚೆನ್ನಾಗಿತ್ತು ಎಂಬುದನ್ನು ನಾನೇ ಕಿವಿಯಾರೆ ಕೇಳಿದೆ. ಟೀ ಲೋಟ ಹಾಗೇ ಇಟ್ಟು ದುಡ್ಡು ಕೊಟ್ಟೆ. ಆಮೇಲೆ ಲತೀಫನನ್ನು ಹಿಡಿದು ಕೇಳಿದೆ. ನಾನು ಬಿಟ್ಟುಹೋದ ಮರುವರ್ಷ ಮಹಾಲಯ ಅಮಾವಾಸ್ಯೆಯಲ್ಲಿ, ನಿಮ್ಮ ತಾತ ಮುತ್ತಾತಂದಿರ ಎಡೆಗಳ ಸಾಲಿನಲ್ಲಿ, ಹೊಸ ಲುಂಗಿ, ಒಂದು ಕ್ವಾರ್ಟರ್, ಬೀಡಿ ಕಟ್ಟು ಇಟ್ಟು ನನ್ನ ಹೆಸರು ಹೇಳಿ ಧೂಪ ಹಾಕಿದಿರಂತೆ. ಅಂದಿನಿಂದ ಊರಿಗೆಲ್ಲ ನಾನು ಸತ್ತವನು.

ನನಗೆ ಎಡೆ ಇಟ್ಟದ್ದಕ್ಕೆ ಸಿಟ್ಟಿಲ್ಲ ಎಂದುಕೊಳ್ಳಿ. ಕುಡಿಯುತ್ತಿದ್ದ ಕಾಲದಲ್ಲಿ ನಾನು ಸತ್ತವನಿಗಿಂತ ಕಡೆಯಾಗಿಯೇ ಇದ್ದೆ. ಆದರೆ ಅವಳನ್ನು ಹೇಗೆ ಕಳಿಸಿದಿರಿ? ಅದನ್ನೂ ಲತೀಫನೇ ಹೇಳಿದ. ಅರಿಶಿನ ಇಲ್ಲ, ಕುಂಕುಮ ಇಲ್ಲ, ಕೈಯಲ್ಲಿ ಬಳೆಯಿಲ್ಲ. ಗಂಡ ಬದುಕಿರುವಾಗ ಮುಂಡೆಯ ಹಾಗೆ ಮಣ್ಣಿಗೆ ಇಟ್ಟಿರಿ. ನನ್ನ ಮೇಲಿನ ಸಿಟ್ಟನ್ನು ಅವಳ ಹಣೆಯ ಮೇಲೆ ತೀರಿಸಿಕೊಂಡಿರಿ. ಆ ಬೀದಿಯ ತುದಿಯಿಂದಲೇ ನಾನು ವಾಪಸ್ಸು ಬಂದೆ. ಸತ್ತವನು ಯಾರ ತಿಥಿಗೆ ಬರಬೇಕು?

ಇನ್ನೊಂದು. ನೀವು ಕಾಂಪ್ಲೆಕ್ಸಿನ ಮುಂದೆ ಕೂಗಿದ್ದು ವ್ಯರ್ಥವಾಗಲಿಲ್ಲ. ಕಳೆದ ವಾರ ಮಾಲೀಕನ ಮ್ಯಾನೇಜರ್ ಗ್ಯಾರೇಜಿಗೆ ಬಂದಿದ್ದ. ಬಿಳಿ ಕಾರು, ಕೈಯಲ್ಲಿ ಸ್ವೀಟ್ ಬಾಕ್ಸು. "ನಿಮ್ಮಿಬ್ರಿಗೂ ಹಿಂದೇನೇ ಊರಿನೋರ ಮುಂದೆ ಗಂಡ ಹೆಂಡ್ತಿ ಸಂಬಂಧ ಬಿಡುಗಡೆ ಆಗಿದೆ ಅಂತ ಬರ್ದುಕೊಟ್ಬಿಡಿ ಸಾಕು. ಆ ಮುದುಕಿ ನಿಮಗೆ ಎಡೆ ಇಟ್ಟಿದ್ದಾಳೆ, ಅವಳಿಗ್ಯಾಕೆ ಸಹಾಯ ಮಾಡ್ತೀರಾ?" ಎಂದ. ಕೊಡುವುದನ್ನೂ ಹೇಳಿದ. ಸುಳ್ಳು ಹೇಳುವುದಿಲ್ಲ, ಪೆನ್ನು ಕೈಗೆ ತೆಗೆದುಕೊಂಡಿದ್ದೆ. ನಿಮ್ಮ ಮೇಲಿನ ಸಿಟ್ಟಿಗೇ ಸಹಿ ಹಾಕುವವನಿದ್ದೆ. ಆದರೆ ಅವನು "ಹೆಂಗೂ ಟೈಲರ್ ಹೆಂಗಸು ತಾನೇ, ಅವಳದೇನು ದೊಡ್ಡ ಸಂಪಾದನೆ" ಅಂದ. ಅವಳ ಹೊಲಿಗೆಯಿಂದ ನಾನು ಮೂರು ವರ್ಷ ಕೂತು ತಿಂದಿದ್ದೇನೆ. ಪೆನ್ನು ಅವನ ಜೇಬಿಗೇ ಸಿಕ್ಕಿಸಿ ಕಳಿಸಿದೆ.

ನಿಮಗೆ ಸಹಿ ಬೇಕಲ್ಲವೇ? ಹಾಕುತ್ತೇನೆ. ಆದರೆ ನೀವು ಕಟಕಟೆ ಹತ್ತಿ, ಎಲ್ಲರ ಎದುರಿಗೆ, ಕೆಂಪರಾಜ್ ನನ್ನ ಯಮುನಾಳ ಗಂಡ, ಅವನು ಬದುಕಿದ್ದಾನೆ, ಅಂದೂ ಬದುಕಿದ್ದ ಎಂದು ಪ್ರಮಾಣ ಮಾಡಿ ಹೇಳಬೇಕು. ಕೊಂದವರೇ ಬದುಕಿಸಬೇಕು. ಆಗದಿದ್ದರೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ.

ಕೆಂಪರಾಜ್

---

ವಿಮಾನಪುರ
9 ಜೂನ್ 2024

ಕೆಂಪರಾಜ,

ಹೌದು, ಎಡೆ ಇಟ್ಟೆ. ಲುಂಗಿ ಹೊಸದು, ಮಟನ್ ಶಿವಾಜಿನಗರದಿಂದ ತರಿಸಿದ್ದು. ನೀನು ಹೋದ ಮೇಲೆ ಆ ಹುಡುಗಿ ಬಾಗಿಲ ಸದ್ದಾದರೆ ಎದ್ದು ಕೂರುತ್ತಿದ್ದಳು. ವರ್ಷವಿಡೀ ಅದನ್ನು ನೋಡಿ ನನಗೆ ಸಾಕಾಯಿತು. ಸತ್ತ ಎಂದುಕೊಂಡರೆ ಒಂದು ದಿನ ಅತ್ತು ಏಳುತ್ತಾಳೆ ಎಂದು ಇಟ್ಟೆ. ಅವಳು ಅಳಲಿಲ್ಲ, ನಕ್ಕಳು. "ದೊಡ್ಡಮ್ಮ, ಬದ್ಕಿರೋರು ಸತ್ರು ಅಂದ್ರೆ ಆಯಸ್ಸು ಜಾಸ್ತಿ ಆಗುತ್ತಂತೆ, ನೀನು ಅವನಿಗೆ ಒಳ್ಳೇದೇ ಮಾಡ್ದೆ" ಅಂದಳು. ನನಗೆ ಆವತ್ತು ಇನ್ನೂ ರೇಗಿತು.

ನಾನು ಹಿಂದಿನ ಕಾಗದದಲ್ಲಿ ಹೇಳದೆ ಬಿಟ್ಟದ್ದು ಒಂದಿದೆ. ಆಸ್ಪತ್ರೆಯಲ್ಲಿ ಪೊಲೀಸಿನವನು "ಗಂಡ ಇದಾನಾ?" ಎಂದು ಕೇಳಿದ. ಅವಳನ್ನು ಆಗಷ್ಟೇ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ನಿನ್ನ ಹೆಸರು ನನ್ನ ಬಾಯಿಂದ ಬರಲಿಲ್ಲ. "ಸತ್ತು ವರ್ಷಗಳಾಯ್ತು" ಅಂದೆ. ಈಗ ಮಾಲೀಕನ ಲಾಯರ್ ಹೇಮಶ್ರೀಯ ನೋಟಿಸಿಗೆ ಉತ್ತರ ಕೊಟ್ಟಿದ್ದಾನೆ: ಮೃತಳಿಗೆ ಗಂಡ ಇಲ್ಲ, ತಂದೆ ತಾಯಿ ಇಲ್ಲ, ಮಕ್ಕಳಿಲ್ಲ, ಆದ್ದರಿಂದ ದಾವೆ ಹೂಡುವ ಹಕ್ಕು ಇರುವವರು ಯಾರೂ ಇಲ್ಲ. ಸಾಕ್ಷಿಗೆ ನನ್ನದೇ ಮಾತು. ನಾನಿಟ್ಟ ಎಡೆಯ ಊಟ ಉಂಡ ಬೀದಿಯ ಜನರನ್ನೂ ಕರೆಸುತ್ತಾನಂತೆ.

ಹೇಮಶ್ರೀ ನನ್ನನ್ನು ಮಗುವನ್ನು ಬೈದ ಹಾಗೆ ಬೈದಳು. "ಏನಮ್ಮಾ ಇದು, ಅವನು ತಪ್ಪಿಸ್ಕೊಳ್ಳೋಕೆ ಬಾಗಿಲು ನೀವೇ ತೆಗೆದಿಟ್ಟಿದ್ದೀರಲ್ಲ!" ಅಂದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ. ನಿನ್ನ ಮೇಲೆ ಬೀಸಿದ ಕತ್ತಿ ಹೋಗಿ ಆ ಮಾಲೀಕನ ಕಟ್ಟು ಬಿಡಿಸಿದೆ. ಇದಕ್ಕೆ ಯಾರ ಮೇಲೆ ಸಿಟ್ಟಾಗಲಿ ಹೇಳು? ಎರಡು ದಿನ ಒಲೆಯ ಮೇಲೂ ಪಾತ್ರೆಗಳ ಮೇಲೂ ಸಿಟ್ಟಾದೆ.

ಹೇಳುತ್ತೇನೆ. ಕಟಕಟೆ ಹತ್ತಿ, ನೀನು ಅವಳ ಗಂಡ ಎಂದು ಹೇಳುತ್ತೇನೆ. ಒಳ್ಳೆಯ ಗಂಡ ಎಂದು ಹೇಳು ಅಂದರೆ ಮಾತ್ರ ನನ್ನಿಂದಾಗದು.

ಕುಂಕುಮದ ವಿಷಯ ಓದಿದೆ. ಅದನ್ನು ಮತ್ತೆ ಬರೆಯಬೇಡ.

ಮುನಿಶಾಮಮ್ಮ

---

ಹುಬ್ಬಳ್ಳಿ
17 ಜೂನ್ 2024

ಅತ್ತೆಯವರಿಗೆ,

24ನೇ ತಾರೀಖು ಸೋಮವಾರ ಬೆಳಿಗ್ಗೆ ಮೇಯೋ ಹಾಲ್ ಕೋರ್ಟಿನ ಗೇಟಿನ ಹತ್ತಿರ ಇರುತ್ತೇನೆ. ಹಲಸೂರಿನ ದೇವಸ್ಥಾನದಲ್ಲಿ ಆದ ಮದುವೆಯ ಚೀಟಿ, ಫೋಟೋ ನನ್ನ ಬಳಿ ಇವೆ. ಎಲ್ಲವನ್ನೂ ಮಾರಿದೆ, ಅವೆರಡನ್ನು ಯಾರೂ ಕೊಳ್ಳುವವರಿರಲಿಲ್ಲ ಎಂದು ನೀವು ಹೇಳುತ್ತೀರಿ. ಹೇಳಿ.

ಲಾಯರ್ ಹತ್ತಿರ ನಾನೊಬ್ಬನೇ ಮಾತಾಡುತ್ತೇನೆ. ನೀವು ಪಕ್ಕದಲ್ಲಿ ಕೂತು ನನ್ನ ಹಳೆಯದನ್ನೆಲ್ಲ ಬಿಚ್ಚಿದರೆ ಎದ್ದು ಹೋಗುತ್ತೇನೆ.

ಕೆಂಪರಾಜ್

---

ವಿಮಾನಪುರ
14 ಸೆಪ್ಟೆಂಬರ್ 2025

ಕೆಂಪರಾಜ,

ನಿನ್ನ ಸಾಕ್ಷಿ ಮುಗಿದ ಮೇಲೆ ಗ್ಯಾರೇಜಿನಲ್ಲಿ ರಜೆ ಸಿಗುವುದಿಲ್ಲ ಎಂದು ನೀನು ಹೊರಟುಹೋದೆ. ಆಮೇಲಿನದೆಲ್ಲ ಬರೆಯಿರಿ ಎಂದಿದ್ದೆಯಲ್ಲ, ಬರೆಯುತ್ತಿದ್ದೇನೆ.

ಗುಲ್ಷನ್ ಬಂದಳು. ಆ ಕಟ್ಟಡದಿಂದ ಅವಳನ್ನು ಬಿಡಿಸಿದ್ದಾರೆ. ಈಗ ರಸೆಲ್ ಮಾರ್ಕೆಟ್ ಹಿಂದೆ ಯಾರದೋ ಅಂಗಡಿಯಲ್ಲಿ ಕಾಜಾ ಗುಂಡಿ ಹಾಕುತ್ತಾಳೆ. ಆದರೂ ಕಣ್ಣಾರೆ ಕಂಡದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಬಟ್ಟೆ ಬಿಚ್ಚಿದವನು ಯಾರು, ಬಿಚ್ಚಿಸಿದವನು ಎಲ್ಲಿ ನಿಂತಿದ್ದ, ಎಲ್ಲವನ್ನೂ.

ಆಮೇಲೆ ನಾನು. ಕಟಕಟೆ ಹತ್ತಿದೆ. ಹೇಮಶ್ರೀ ಕೇಳಿದ್ದಕ್ಕೆ, ಕೆಂಪರಾಜ್ ನನ್ನ ಯಮುನಾಳ ಗಂಡ, ಬದುಕಿದ್ದಾನೆ, ಅಂದೂ ಬದುಕಿದ್ದ ಎಂದು ಹೇಳಿದೆ. ನಿನಗೆ ಕೊಟ್ಟ ಮಾತು ತೀರಿತು. ಮಾಲೀಕನ ಲಾಯರ್ ಎದ್ದ. ಕಪ್ಪು ಕೋಟಿನ ಮೇಲೆ ಒಂದು ಸುಕ್ಕೂ ಇಲ್ಲ.

"ಪೊಲೀಸರ ಮುಂದೆ ಗಂಡ ಸತ್ತಿದ್ದಾನೆ ಅಂದ್ರಿ. ಹೌದೋ ಅಲ್ವೋ?"

"ಅಂದೆ ಸ್ವಾಮಿ."

"ಅಮಾವಾಸ್ಯೆಯಲ್ಲಿ ಎಡೆಯನ್ನೂ ಇಟ್ಟಿದ್ರಿ. ಎಡೆ ಇಡೋದು ಸತ್ತವರಿಗೇ ತಾನೇ?"

"ಸತ್ತೋರಿಗೇ."

"ಹಂಗಾದ್ರೆ ಅವರು ಸತ್ತಿದ್ದಾರೆ ಅಂತ ನಿಮ್ಮ ಕುಟುಂಬಕ್ಕೆ ಗೊತ್ತಿತ್ತು."

ಅವನ ಮುಖದ ಮೇಲೆ ನಗು ಬಂತು. ಆ ನಗು ನೋಡಿ ನನಗೆ ಸಿಟ್ಟು ಎಲ್ಲಿಂದ ಬಂತೋ, ಬಂತು.

"ಇಲ್ಲ ಸ್ವಾಮಿ. ಅವನು ಬದುಕಿದಾನೆ ಅಂತ ಗೊತ್ತಿದ್ದೇ ಇಟ್ಟೆ. ಸತ್ತೋನ ಮೇಲೆ ಯಾರಿಗಾದ್ರೂ ಸಿಟ್ಟು ಬರುತ್ತಾ? ಸತ್ತಿದ್ರೆ ಅತ್ಬಿಟ್ಟು ಸುಮ್ನಾಗ್ತಿದ್ದೆ. ಎಲ್ಲೋ ಉಂಡ್ಕೊಂಡು ತಿರ್ಗಾಡ್ಕೊಂಡು ಇದಾನಲ್ಲ ಅಂತ್ಲೇ ಇಟ್ಟಿದ್ದು. ಸಾಯ್ಲಿ ಅಂತ ಇಟ್ಟೆ. ಸಾಯ್ಲಿಲ್ಲ, ಈ ಕೋರ್ಟಲ್ಲೇ ಬಂದು ಸಹಿ ಹಾಕಿದಾನೆ. ಇನ್ನೇನು ಬೇಕು ನಿಮ್ಗೆ?"

ಜನ ನಕ್ಕರು. ಜಡ್ಜ್ ನಗಲಿಲ್ಲ. ಆಕೆ ಕನ್ನಡಕ ತೆಗೆದು ನನ್ನನ್ನೇ ನೋಡಿ, ಅಷ್ಟನ್ನೂ ಬರೆಸಿಕೊಂಡರು. ಆ ಲಾಯರ್ ಮುಂದಿನ ಪ್ರಶ್ನೆ ಕೇಳದೆ ಕೂತುಕೊಂಡ.

ಮೊನ್ನೆ ಶುಕ್ರವಾರ ಮಾಲೀಕನನ್ನು ಹತ್ತಿಸಿದರು. ಲಿಫ್ಟ್ ಕಂಪನಿಯವರು ಬರಲಿಲ್ಲ, ಮ್ಯಾನೇಜರ್ ನೋಡಿಕೊಳ್ಳಬೇಕಿತ್ತು, ನನಗೆ ಬಿ.ಪಿ. ಎಂದೆಲ್ಲ ಸುತ್ತಿ ಬಳಸಿದ. ಹೇಮಶ್ರೀ ಬಿಡಲಿಲ್ಲ. ಕೊನೆಗೆ ನನ್ನ ಕಡೆ ಒಂದು ಸಲ ತಿರುಗಿ ನೋಡಿ, ನನ್ನ ಪ್ರಶ್ನೆಯನ್ನು ಕೇಳಿದಳು. "ಬಾಗಿಲಿಗೆ ಅಪಾಯ ಅಂತ ಕಟ್ಟಿದ್ದ ಕೆಂಪು ಬಟ್ಟೆ ಯಾಕೆ ಬಿಚ್ಚಿಸಿದ್ರಿ?"

ಅವನು ತನ್ನ ಲಾಯರ್ ಕಡೆ ನೋಡಿದ. ಆಮೇಲೆ, "ಪೂಜೆಗೆ ದೊಡ್ಡೋರೆಲ್ಲ ಬರ್ತಿದ್ರು. ನೋಡೋಕೆ ಚೆನ್ನಾಗಿರ್ಲಿಲ್ಲ" ಅಂದ.

ಅಷ್ಟೇ ಕೆಂಪರಾಜ. ಮೂರು ವರ್ಷ ಕಾದು, ಈ ಉತ್ತರಕ್ಕಾಗಿ ನಾನು ನಿನ್ನಂಥವನ ಕಾಲು ಹಿಡಿದದ್ದು. ನೋಡೋಕೆ ಚೆನ್ನಾಗಿರಲಿಲ್ಲವಂತೆ. ಉತ್ತರ ಸಿಕ್ಕಿದರೆ ಎದೆಯ ಉರಿ ಆರುತ್ತದೆ ಎಂದುಕೊಂಡಿದ್ದೆ. ಇನ್ನೂ ಹೆಚ್ಚಾಯಿತು. ಆದರೆ ಈಗ ಅದು ಸರಿಯಾದ ಕಡೆ ಉರಿಯುತ್ತಿದೆ. ಇಷ್ಟು ವರ್ಷ ಅರ್ಧ ಉರಿಯನ್ನು ನಿನ್ನ ಮೇಲೆ ಸುರಿಯುತ್ತಿದ್ದೆ, ಅವನು ತಣ್ಣಗೆ ಓಡಾಡಿಕೊಂಡಿದ್ದ.

ಹೊರಗೆ ಬಂದ ಮೇಲೆ ಹೇಮಶ್ರೀ, "ಅಮ್ಮ, ಗೆಲ್ತೀವೋ ಇಲ್ವೋ ಈಗ್ಲೇ ಹೇಳಕ್ಕಾಗಲ್ಲ. ಆದ್ರೆ ದಾವೆ ಹಾಕೋಕೆ ಯಾರೂ ಇಲ್ಲ ಅನ್ನೋ ಮಾತು ಮುಗೀತು" ಅಂದಳು. ತೀರ್ಪಿಗೆ ಇನ್ನೂ ವಾದ ಇದೆ, ದಿನ ಹಿಡಿಯುತ್ತದೆ. ದುಡ್ಡು ಬಂದರೆ ನಿನ್ನದು, ಏನಾದರೂ ಮಾಡಿಕೋ. ಕುಡಿದರೆ ಮಾತ್ರ ನನಗೆ ತಿಳಿಯುತ್ತದೆ, ಲತೀಫನ ಅಂಗಡಿ ಮುಂದೆ ಕೂರುವುದು ನನಗೆ ಅಭ್ಯಾಸವಾಗಿದೆ.

ಕೋರ್ಟಿನಿಂದ ಬಂದು ಯಮುನಾಳ ಫೋಟೋ ಇಳಿಸಿ ಒರೆಸಿದೆ. ಗಾಜಿನ ಮೇಲೆ ಅರಿಶಿನ ಹಚ್ಚಿ ಕುಂಕುಮ ಇಟ್ಟೆ. ಅವಳು ಹೋದ ದಿನ ಇಡಬೇಕಾಗಿದ್ದದ್ದು. ನಿನ್ನನ್ನು ಕ್ಷಮಿಸಿ ಇಟ್ಟೆ ಎಂದು ತಿಳಿಯಬೇಡ. ಅದು ಅವಳದು, ಕಿತ್ತುಕೊಂಡವಳು ನಾನು, ಅದಕ್ಕೇ ಇಟ್ಟೆ. ಬಹಳ ಹೊತ್ತು ಅಲ್ಲೇ ಕೂತು ಅತ್ತೆ.

ಬರುವ ಭಾನುವಾರ ಮಹಾಲಯ ಅಮಾವಾಸ್ಯೆ. ಅವಳಿಗೆ ಎಡೆ ಇಡುತ್ತಿದ್ದೇನೆ. ಬಾ. ನಿನಗೆ ಎಲೆ ಹಾಕುತ್ತೇನೆ, ಬದುಕಿರುವವರ ಪಂಕ್ತಿಯಲ್ಲಿ ಕೂತು ಉಣ್ಣು. ಅಕ್ತರನನ್ನೂ ಕರೆದಿದ್ದೇನೆ, ಮಟನ್ ಹೇಗಿದೆ ಎಂದು ಈ ಸಲ ನೀನೇ ಅವನಿಗೆ ಹೇಳು. ಬರದೆ ಹೋದರೆ ಎರಡು ಎಡೆ ಇಡುತ್ತೇನೆ, ನನಗೇನೂ ನಾಚಿಕೆಯಿಲ್ಲ.

ಮುನಿಶಾಮಮ್ಮ